ಒಂದನೇ ತಾರೀಖು ಹುಟ್ಟಿದವರು

ಹವಾಮಾನ ಕೇಂದ್ರ, ಬೆಟ್ಟದ ಮೇಲೆ
ಏಪ್ರಿಲ್ 6

ಹೆಡ್ ಸಿಸ್ಟರ್ ಅಮ್ಮಾವರಿಗೆ,

ಬೆಳಗ್ಗೆ ತೆಳು ಮೋಡ, ಪಶ್ಚಿಮದ ಗಾಳಿ, ಮಳೆ ಇಲ್ಲ. ಇಷ್ಟು ಬರೆಯದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ ಅಂತ ಮದುವೆಯಾದ ವರ್ಷದಿಂದಲೂ ನಗುತ್ತಾ ಬಂದಿದ್ದೀಯ. ನಗು, ಪರವಾಗಿಲ್ಲ. ಇನ್ನು ನಾಲ್ಕು ತಿಂಗಳಾದರೆ ಈ ಸಾಲಿಗೆ ಕೆಲಸವೇ ಇರುವುದಿಲ್ಲ. ಕಿಟಕಿ ತೆಗೆದು ನೀನೇ ನೋಡಿಕೊಳ್ಳಬಹುದು.

ಮನೆ ಸಿಕ್ಕಿತು. ಬೆಟ್ಟದ ಬುಡದ ಊರಿನಲ್ಲಿ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ಎರಡು ಕೋಣೆ, ಅಡುಗೆಮನೆ, ಮುಂದೆ ಜಗಲಿ, ಹಿತ್ತಲಲ್ಲಿ ಒಂದು ನಿಂಬೆ ಗಿಡ. ಮನೆಯ ಒಡತಿ ವಯಸ್ಸಾದ ಹೆಂಗಸು, ಮಾತು ಜೋರು. ಇಷ್ಟು ವರ್ಷ ನಿಮ್ಮ ಮನೆಯವರು ಎಲ್ಲಿದ್ದರು ಅಂತ ಕೇಳಿದರು. ಅವಳು ದೊಡ್ಡ ಊರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ, ನಾನು ಈ ಬೆಟ್ಟದ ನೆತ್ತಿಯಲ್ಲಿ, ಇಬ್ಬರದೂ ಸರ್ಕಾರಿ ನೌಕರಿ, ಇಬ್ಬರನ್ನೂ ಒಂದೇ ಊರಿಗೆ ಹಾಕುವ ಬುದ್ಧಿ ಯಾವ ಸಾಹೇಬರಿಗೂ ಬರಲಿಲ್ಲ, ರಜೆಯಲ್ಲೇ ಸಂಸಾರ ಮಾಡಿ ಮಗಳನ್ನೂ ಮದುವೆ ಮಾಡಿ ಕಳಿಸಿದೆವು ಅಂತ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ಹೊಸ ಜೋಡಿಯೇ ಅನ್ನಿ ಎಂದರು. ಈ ವಯಸ್ಸಿನಲ್ಲಿ ನಾಚಿಕೆಯಾಯಿತು ಕಣೇ.

ಜಗಲಿಗೆ ಎರಡು ಕುರ್ಚಿ ಮಾಡಿಸುತ್ತಿದ್ದೇನೆ. ನಿನ್ನದರ ಮುಂದೆ ಕಾಲು ಚಾಚಲು ಒಂದು ಗಿಡ್ಡ ಸ್ಟೂಲು. ಪ್ರತಿ ಪತ್ರದಲ್ಲೂ ಕಾಲು ನೋವು, ಕಾಲು ನೋವು ಅಂತ ಬರೆದವಳು ನೀನು. ಆ ಕಾಲುಗಳಿಗೆ ಇನ್ನು ರಜೆ. ನನ್ನ ನಿವೃತ್ತಿ ಜೂನ್ ಕೊನೆಗೆ, ನಿನ್ನದು ಜುಲೈ ಕೊನೆಗೆ. ಆ ಒಂದು ತಿಂಗಳಲ್ಲಿ ನಾನು ಸುಣ್ಣಬಣ್ಣ ಮುಗಿಸುತ್ತೇನೆ. ಅಡುಗೆಮನೆಗೆ ಯಾವ ಬಣ್ಣ ಬೇಕು, ಬರಿ.

ಇನ್ನೊಂದು ವಿಷಯ. ಪಿಂಚಣಿ ಕಾಗದಕ್ಕೆ ಗಂಡ ಹೆಂಡತಿ ಜೊತೆಗಿರುವ ಫೋಟೋ ಬೇಕಂತೆ. ನಮ್ಮ ಮದುವೆ ಫೋಟೋ ಕೊಟ್ಟೆ. ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು, ಇದರಲ್ಲಿರುವ ಹುಡುಗ ಯಾರು ಸಾರ್ ಅಂದ. ಹೊಸದು ತೆಗೆಸಬೇಕು. ಮುಂದಿನ ರಜೆಗೆ ನೀನು ಬರುತ್ತೀಯೋ, ನಾನು ಬರಲೋ?

ನಿನ್ನ,
ಬೆಟ್ಟದ ಮೇಲಿನವನು


ಆಸ್ಪತ್ರೆ ಕ್ವಾರ್ಟರ್ಸ್
ಏಪ್ರಿಲ್ 15

ಹವಾಮಾನದ ಯಜಮಾನರಿಗೆ,

ಇಲ್ಲಿಯ ಹವಾಮಾನ: ಫಿನಾಯಿಲ್ ವಾಸನೆ, ಮಧ್ಯೆ ಮಧ್ಯೆ ಅಳು. ನೀವು ಬರೆದ ಹಾಗೆ ನಾನೂ ಬರೆದೆ.

ಮನೆಯ ವಿಷಯ ಓದಿ ಸಂತೋಷವಾಯಿತು. ಆ ಒಡತಿಗೆ ಹೇಳಿ, ಹೊಸ ಜೋಡಿಯಲ್ಲಿ ಹೆಣ್ಣಿಗೆ ಮಂಡಿ ನೋವು, ಗಂಡಿಗೆ ಗೊರಕೆ ಅಂತ. ಫೋನಿನಲ್ಲೇ ಬಣ್ಣ ಹೇಳಿಬಿಡೋಣ ಅಂತ ವಾರ್ಡಿನ ಫೋನು ಎತ್ತಿಕೊಂಡೆ, ಆಮೇಲೆ ಇಟ್ಟುಬಿಟ್ಟೆ. ಫೋನಿನಲ್ಲಿ ನೀವು ಹ್ಞೂ ಅನ್ನುವುದು ಬಿಟ್ಟು ಇನ್ನೇನನ್ನಾದರೂ ಹೇಳಿದ್ದು ಇದೆಯೇ? ಮಗಳು ಹುಟ್ಟಿದಾಗ ಹ್ಞೂ. ನಮ್ಮಪ್ಪ ಹೋದಾಗ ಹ್ಞೂ. ಇಷ್ಟು ಮಾತು ಹೊಟ್ಟೆಯಲ್ಲಿಟ್ಟುಕೊಂಡವರಿಗೆ ಬಾಯಿ ಬಿಡಲು ಪೆನ್ನೇ ಬೇಕು. ಅದಕ್ಕೇ ಈ ವಯಸ್ಸಿನಲ್ಲೂ ಅಂಚೆಯವನಿಗೆ ನಮ್ಮಿಂದ ಬಿಡುವಿಲ್ಲ.

ಇಲ್ಲಿ ಒಂದು ದೊಡ್ಡ ಸುದ್ದಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಬೇರೆ ಬೆಚ್ಚಗಿನ ಕೋಣೆ ಬೇಕು ಅಂತ ನಾನು ಎಷ್ಟು ಸಾಹೇಬರ ಬಾಗಿಲು ತಟ್ಟಿದ್ದೆ, ನಿಮಗೆ ನೆನಪಿರಬೇಕು. ಅದು ಮಂಜೂರಾಯಿತು. ಹಳೆಯ ಉಗ್ರಾಣದ ಕೋಣೆ ಖಾಲಿ ಮಾಡಿಸಿ ಗಾಜಿನ ಬಾಗಿಲು ಹಾಕಿಸಿದ್ದಾರೆ. ಗಾಜಿನ ಪೆಟ್ಟಿಗೆಗಳೂ ಬಂದಿವೆ. ಅಂಗೈಯಲ್ಲಿ ಮಲಗುವಷ್ಟು ಕೂಸುಗಳು, ಉಗುರು ಇದೆಯೋ ಇಲ್ಲವೋ ಅಂತ ಬಗ್ಗಿ ನೋಡಬೇಕು. ಹೊಸ ಹುಡುಗಿಯರಿಗೆ ಮುಟ್ಟಲು ಭಯ. ಒಬ್ಬೊಬ್ಬರ ಕೈ ಹಿಡಿದು ಕಲಿಸುತ್ತಿದ್ದೇನೆ. ಮೊನ್ನೆ ಒಬ್ಬಳು ಜೇಬಿನಲ್ಲಿ ಕತ್ತರಿ ಬಿಟ್ಟು ಏಪ್ರನ್ ಅನ್ನು ಲಾಂಡ್ರಿಗೆ ಹಾಕಿಬಿಟ್ಟಳು. ಜೇಬು ಮುಟ್ಟಿ ನೋಡದೆ ಬಟ್ಟೆ ಹಾಕುವವಳು ನರ್ಸೇ ಅಲ್ಲ ಅಂತ ನನ್ನ ಹಳೆಯ ಪುರಾಣ ಬಿಚ್ಚಿದೆ. ನನ್ನ ಹಿಂದೆ ನಿಂತು ಅದನ್ನು ನಕಲು ಮಾಡುತ್ತಾರೆ, ಗೊತ್ತು.

ನಿವೃತ್ತಿ ವಯಸ್ಸಿನ ವಿಷಯದಲ್ಲಿ ಏನೋ ಹೊಸ ಆದೇಶ ಬರುತ್ತದೆ ಅಂತ ಇಲ್ಲಿ ಗುಸುಗುಸು. ನೀವು ತಲೆ ಕೆಡಿಸಿಕೊಳ್ಳಬೇಡಿ. ಬಣ್ಣ ಯೋಚಿಸಿ ಹೇಳುತ್ತೇನೆ. ಫೋಟೋಗೆ ಈಗ ರಜೆ ಕೇಳುವ ಹಾಗಿಲ್ಲ.

ನಿಮ್ಮವಳು


ಬೆಟ್ಟ
ಏಪ್ರಿಲ್ 25

ನನ್ನ ಹೆಡ್ ಸಿಸ್ಟರಿಗೆ,

ನಿನ್ನೆ ಮಧ್ಯಾಹ್ನ ಗುಡುಗು, ನಾಲ್ಕು ಹನಿ, ಅಳೆಯುವಷ್ಟಿಲ್ಲ.

ನಿನ್ನ ಗುಸುಗುಸು ಬೆಟ್ಟ ಹತ್ತಿ ಬಂತು. ಗುಮಾಸ್ತ ಆದೇಶವನ್ನು ಗಟ್ಟಿಯಾಗಿ ಓದಿದ. ಜುಲೈ 1ರಂದು ಸೇವೆಯಲ್ಲಿರುವ ಎಲ್ಲ ನೌಕರರಿಗೂ ನಿವೃತ್ತಿ ವಯಸ್ಸು ಐವತ್ತೆಂಟರ ಬದಲು ಅರವತ್ತು. ಹಳೆಯ ವಯಸ್ಸಿಗೇ ಹೋಗಬೇಕೆನ್ನುವವರು ಮೇ 31ರೊಳಗೆ ಬರೆದುಕೊಡಬೇಕು. ಬರೆದುಕೊಡದವರು ಮುಂದುವರಿಯಲು ಒಪ್ಪಿದ್ದಾರೆಂದು ಭಾವಿಸಲಾಗುವುದು. ಒಮ್ಮೆ ಕೊಟ್ಟ ಆಯ್ಕೆಯನ್ನು ಬದಲಾಯಿಸುವಂತಿಲ್ಲ.

ಓದಿ ಮುಗಿಸಿ ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ತಿಂಗಳ ಮಧ್ಯೆ ಹುಟ್ಟಿದವರು ಆ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಒಂದನೇ ತಾರೀಖು ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೇ ಹೋಗಬೇಕು, ಅದು ನಿಯಮ. ನನ್ನದು ಜುಲೈ 1. ಜೂನ್ 30ಕ್ಕೆ ನಾನು ಹೊರಗೆ, ಮರುದಿನ ಬೆಳಗ್ಗೆ ಹೊಸ ನಿಯಮ ಒಳಗೆ. ಬಾಗಿಲಲ್ಲಿ ಇಬ್ಬರೂ ಡಿಕ್ಕಿ ಹೊಡೆಯುವುದೊಂದು ಬಾಕಿ.

ತಮಾಷೆ ಕೇಳು. ನಾನು ಹುಟ್ಟಿದ್ದು ಜುಲೈ 1 ಅಲ್ಲವೇ ಅಲ್ಲ. ಅದು ಶಾಲೆ ಶುರುವಾದ ದಿನ. ಹೆಡ್‌ಮಾಸ್ಟರು ಸಾಲಿನಲ್ಲಿ ನಿಂತ ಮಕ್ಕಳಿಗೆಲ್ಲ ಅದೇ ತಾರೀಖು ಹಾಕಿಕೊಂಡು ಹೋದರು. ನಮ್ಮ ತರಗತಿಯ ಅಷ್ಟೂ ಜನ ಒಂದೇ ದಿನ ಹುಟ್ಟಿದವರು. ಅಮ್ಮ ಮಾತ್ರ, ನೀನು ಹುಟ್ಟಿದಾಗ ನೀರು ಮುಟ್ಟಲಾಗದ ಚಳಿ ಅನ್ನುತ್ತಿದ್ದಳು. ಕಾಣದ ಅಂಕಿಯನ್ನು ಬರೆಯಬಾರದು, ನೋಡಲಾಗದಿದ್ದರೆ ಖಾಲಿ ಬಿಡಬೇಕು ಅನ್ನುವುದು ನಮ್ಮ ಕೆಲಸದ ಮೊದಲ ಪಾಠ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಹೋಗಿ ಥರ್ಮಾಮೀಟರ್ ನೋಡಿ ಬರೆದವನು ನಾನು. ನನ್ನ ಹುಟ್ಟಿದ ದಿನವೇ ಯಾರೂ ನೋಡದೆ ಬರೆದ ಅಂಕಿ.

ಬೇಸರವಾಯಿತೇ ಅಂತ ಕೇಳಬೇಡ. ಸ್ವಲ್ಪ ಆಯಿತು. ಸಂಜೆ ಹೊತ್ತಿಗೆ ಹೋಯಿತು, ಯಾಕೆಂದರೆ ಕುರ್ಚಿಗಳು ಬಂದವು. ನಿನ್ನದರಲ್ಲಿ ಕೂತು ನೋಡಿದೆ, ಸ್ಟೂಲಿನ ಎತ್ತರ ಸರಿಯಾಗಿದೆ. ನಿನಗೆ ಆದೇಶ ಅನ್ವಯಿಸುತ್ತದೆ, ನಿಜ. ಆದರೆ ಬರೆದುಕೊಟ್ಟು ಬಂದುಬಿಡುತ್ತೀಯ, ಅದನ್ನು ಕೇಳುವ ಅಗತ್ಯವೇ ಇಲ್ಲ. ಆ ಕಾಲುಗಳ ಮೇಲೆ ಇನ್ನೂ ಎರಡು ವರ್ಷ ನಿಲ್ಲು ಅಂತ ನಾನು ಹೇಳುವುದುಂಟೇ?

ನಿನ್ನವನು


ಕ್ವಾರ್ಟರ್ಸ್
ಮೇ 10

ಯಜಮಾನರಿಗೆ,

ತಡವಾಯಿತು, ಕ್ಷಮಿಸಿ. ನಿಮ್ಮ ಹುಟ್ಟಿದ ದಿನದ ಕಥೆ ಓದಿ ವಾರ್ಡಿನಲ್ಲಿ ಒಬ್ಬಳೇ ನಕ್ಕೆ. ಚಳಿಗಾಲವೆಂದರೆ ಆ ವರ್ಷದ ಕೊನೆಗೇ ಅಲ್ಲವೇ? ಅಂದರೆ ನೀವು ನನಗಿಂತ ಚಿಕ್ಕವರು. ಇಷ್ಟು ವರ್ಷ ನನ್ನಿಂದ ಹೋಗಿ ಬನ್ನಿ ಅನ್ನಿಸಿಕೊಂಡಿರಲ್ಲ, ಅದರ ಬಾಕಿಯನ್ನು ಹೇಗೆ ತೀರಿಸುತ್ತೀರಿ?

ನಿಮ್ಮನ್ನು ಒಂದು ದಿನದ ಅಂತರದಲ್ಲಿ ಹೊರಗೆ ಬಿಟ್ಟರಲ್ಲ ಅಂತ ನನಗೆ ಸಂಕಟವಾಯಿತು. ಅದನ್ನು ನಗುತ್ತಾ ಬರೆದಿದ್ದೀರಿ. ನಗುವ ಕೆಳಗೆ ಏನಿದೆ ಅಂತ ಗೊತ್ತಾಗದಷ್ಟು ದಡ್ಡಿ ನಾನಲ್ಲ.

ಬೆಚ್ಚಗಿನ ಕೋಣೆಗೆ ಹೊಸ ಕೂಸೊಂದು ಬಂತು. ಗಂಡು. ಅದಕ್ಕೆ ಒಂದೇ ಕೆಟ್ಟ ಅಭ್ಯಾಸ, ನಿದ್ದೆಯಲ್ಲಿ ಉಸಿರಾಡುವುದನ್ನು ಮರೆಯುತ್ತದೆ. ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ನೆನಪಾಗಿ ಮತ್ತೆ ಶುರುಮಾಡುತ್ತದೆ. ಅದರ ತಾಯಿ ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿರುತ್ತಾಳೆ. ಹುಡುಗಿಯರು ಈಗ ಮುಟ್ಟುತ್ತಾರೆ, ಆದರೆ ಎಷ್ಟು ತಟ್ಟಬೇಕು ಅಂತ ಕೈಗೆ ಇನ್ನೂ ತಿಳಿದಿಲ್ಲ. ತಿಳಿಯುತ್ತದೆ. ಯಾರಾದರೂ ಕಲಿಸುತ್ತಾರೆ.

ಬಣ್ಣ ಯಾವುದಾದರೂ ಆಗಬಹುದು. ನಿಮ್ಮ ಇಷ್ಟವೇ ನನ್ನ ಇಷ್ಟ. ಆಯ್ಕೆಯ ಅರ್ಜಿ ತಂದಿಟ್ಟುಕೊಂಡಿದ್ದೇನೆ.

ನಿಮ್ಮವಳು


ಬೆಟ್ಟ
ಮೇ 15

ಇವಳೇ,

ಆಕಾಶ ಶುಭ್ರ. ಆದರೆ ನಿನ್ನ ಕಾಗದ ಓದಿ ನನಗೆ ದಿಗಿಲಾಯಿತು.

ನಿಮ್ಮ ಇಷ್ಟವೇ ನನ್ನ ಇಷ್ಟ ಅಂತ ಬರೆದಿದ್ದೀಯ. ಜ್ವರ ಗಿರ ಬಂದಿದೆಯೇ? ಮದುವೆಯಾದಾಗಿನಿಂದ ಒಂದು ಪರದೆಯ ಬಟ್ಟೆಯಲ್ಲೂ ನನ್ನ ಇಷ್ಟ ನಡೆಯಲು ಬಿಟ್ಟವಳಲ್ಲ ನೀನು. ನಾನು ಮೂರು ಸಲ ಓದಿದೆ. ನಮ್ಮ ಗುಮಾಸ್ತನಿಗೂ ಆ ಒಂದು ಸಾಲು ತೋರಿಸಿದೆ. ಹೆಂಗಸರು ಹೀಗೆ ಬರೆದರೆ ಹುಷಾರಾಗಿರಬೇಕು ಸಾರ್ ಅಂದ. ಅವನಿಗೆ ಮದುವೆಯಾಗಿ ಎರಡೇ ವರ್ಷ, ಆದರೂ ನನಗಿಂತ ಅನುಭವ ಜಾಸ್ತಿ. ಅವನು ದಿನವೂ ಹೆಂಡತಿಯ ಜೊತೆ ಇರುವವನು.

ಅಲ್ಲಿಗೇ ಬಂದೆ ನೋಡು. ನಾವು ಒಟ್ಟಿಗೆ ಇದ್ದದ್ದೆಲ್ಲ ರಜೆಯ ದಿನಗಳು. ರಜೆಯಲ್ಲಿ ಯಾರಾದರೂ ಒಳ್ಳೆಯವರೇ. ಎಲ್ಲ ದಿನವೂ ನನ್ನ ಜೊತೆ ಇರಬೇಕೆಂದರೆ ನಿನಗೆ ಭಯವಾಗುತ್ತಿದೆಯೇ? ನಾನು ಕೋಳಿಗಿಂತ ಮೊದಲು ಏಳುತ್ತೇನೆ, ಎದ್ದ ತಕ್ಷಣ ಕಿಟಕಿಗಳನ್ನೆಲ್ಲ ತೆಗೆಯುತ್ತೇನೆ, ಊಟದ ಹೊತ್ತಿಗೆ ಮಾತಾಡುವುದಿಲ್ಲ. ಇದನ್ನೆಲ್ಲ ನೀನು ಸಹಿಸಿಕೊಂಡದ್ದು ಬಸ್ಸಿನ ಟಿಕೆಟ್ಟು ಚೀಲದಲ್ಲಿದ್ದದ್ದರಿಂದಲೋ ಏನೋ. ನಾನು ಬದಲಾಗುತ್ತೇನೆ ಅನ್ನಲಾರೆ. ಕಿಟಕಿ ಒಂದನ್ನೇ ತೆಗೆಯಬಹುದು.

ನನ್ನ ಜೊತೆ ಇರಲು ಮನಸ್ಸಿಲ್ಲವೇ? ಹಾಗಿದ್ದರೆ ಹಾಗೆಂದು ಬರಿ, ಸುತ್ತಿಬಳಸಬೇಡ. ನನಗೆ ನೋವಾಗುತ್ತದೆ. ಆದರೆ ಗೊತ್ತಾಗದೆ ಇರುವ ನೋವು ಅದಕ್ಕಿಂತ ಹೆಚ್ಚು.

ನಿನ್ನವನು


ಕ್ವಾರ್ಟರ್ಸ್
ಮೇ 20

ಯಜಮಾನರೇ,

ನಿಮಗೆ ಬುದ್ಧಿ ಇದೆಯೇ? ನಿಮ್ಮ ಜೊತೆ ಇರಲು ಮನಸ್ಸಿಲ್ಲವೇ ಅಂತ ಕೇಳುತ್ತೀರಲ್ಲ, ಕೇಳಲು ಪೆನ್ನಾದರೂ ಹೇಗೆ ಬಂತು? ನೀವು ರಜೆ ಮುಗಿಸಿ ಹೊರಟ ಮೇಲೆ ದಿಂಬಿನ ಹೊದಿಕೆ ಒಗೆಯದೆ ಇಟ್ಟುಕೊಳ್ಳುವವಳು ನಾನು. ಇಷ್ಟು ವರ್ಷ ಹೇಳಿರಲಿಲ್ಲ, ಇವತ್ತು ಸಿಟ್ಟಿನಲ್ಲಿ ಹೇಳಿಸಿದಿರಿ. ಊರಿಗೆಲ್ಲ ಶುಚಿ ಕಲಿಸುವ ಹೆಡ್ ಸಿಸ್ಟರ್ ಇವಳು.

ಗುಮಾಸ್ತನಿಗೆ ನನ್ನ ಕಾಗದ ತೋರಿಸುವುದನ್ನು ನಿಲ್ಲಿಸಿ.

ಅರ್ಜಿಗೆ ಸಹಿ ಹಾಕಿ ಕೊಟ್ಟಾಯಿತು. ಜುಲೈ 31ಕ್ಕೆ ನಿವೃತ್ತಿ, ಆಗಸ್ಟಿನಲ್ಲಿ ಬರುತ್ತೇನೆ. ಅಡುಗೆಮನೆಗೆ ತಿಳಿ ಹಳದಿ. ಇನ್ನು ಈ ವಿಷಯ ಎತ್ತಬೇಡಿ.

ನಿಮ್ಮವಳು


ಕ್ವಾರ್ಟರ್ಸ್
ಜೂನ್ 3

ಯಜಮಾನರಿಗೆ,

ಎರಡು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಅಂಚೆಯವನು ನನ್ನನ್ನು ಕಂಡರೆ ಸೈಕಲ್ ತಿರುಗಿಸುತ್ತಾನೆ. ಅಷ್ಟು ಕೋಪವೇ? ನಾನು ಬೈದದ್ದಕ್ಕೋ, ಅಥವಾ ನಾನು ಹೇಳಿದ ಸುಳ್ಳು ಅಲ್ಲಿಂದಲೇ ಕಂಡಿತೋ?

ಸುಳ್ಳು ಹೇಳಿದ್ದೆ. ಅರ್ಜಿ ಕೊಟ್ಟಿರಲಿಲ್ಲ. ಸಹಿ ಹಾಕಿದ್ದು ನಿಜ. ಮಡಿಸಿ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ದಿನವೂ ಕಚೇರಿಯ ಮುಂದೆ ಹೋಗುವುದು, ನಾಳೆ ಕೊಡೋಣ ಅಂತ ವಾರ್ಡಿಗೆ ಬರುವುದು. ಕೊನೆಯ ದಿನ ಡ್ಯೂಟಿ ಮುಗಿಸಿ ಕೊಟ್ಟೇ ಹೋಗುವುದು ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಆ ಹೊತ್ತಿಗೆ ಉಸಿರು ಮರೆಯುವ ಕೂಸು ನೀಲಿಗಟ್ಟಿತು. ಅದು ಸರಿಹೋದ ಮೇಲೆ ಏಪ್ರನ್ ಬಿಚ್ಚಿ ಲಾಂಡ್ರಿಯ ಬುಟ್ಟಿಗೆ ಹಾಕಿದೆ. ಲಾಂಡ್ರಿಯಲ್ಲಿ ದೊಡ್ಡ ಹಂಡೆಯಲ್ಲಿ ಔಷಧಿ ಹಾಕಿ ಬೇಯಿಸುತ್ತಾರೆ. ನನ್ನ ಆಯ್ಕೆ ಚೆನ್ನಾಗಿ ಬೆಂದು ಹಿಟ್ಟಾಗಿ ಬಂತು.

ಜೇಬು ಮುಟ್ಟಿ ನೋಡದೆ ಬಟ್ಟೆ ಹಾಕುವವಳು ನರ್ಸೇ ಅಲ್ಲ ಅನ್ನುವ ನಾನು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕೂತ ಮೇಲೆ ಗೊತ್ತಾಯಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ಮರೆಯದ ಕೈ ಅವತ್ತು ಮರೆಯಲಿಲ್ಲ. ಜೇಬಿನ ಹತ್ತಿರ ಹೋಗಲು ಅದಕ್ಕೇ ಇಷ್ಟವಿರಲಿಲ್ಲ.

ನನಗೆ ಇನ್ನೂ ಕೆಲಸ ಮಾಡಬೇಕು ಅನ್ನಿಸುತ್ತದೆ, ರೀ. ಕಾಲು ನೋಯುತ್ತದೆ, ನಿಜವಾಗಿಯೂ ನೋಯುತ್ತದೆ. ಆದರೆ ನಾನು ಹೇಳಿದ್ದು ನೋಯುತ್ತದೆ ಅಂತ, ಸಾಕು ಅಂತಲ್ಲ. ನಿಮ್ಮ ಜೊತೆಯೂ ಇರಬೇಕು, ಈ ಕೋಣೆಯೂ ಬೇಕು. ಎರಡೂ ಬೇಕು ಅನ್ನುವ ವಯಸ್ಸೇ ಇದು? ನೀವು ಮನೆ ಹುಡುಕಿದಿರಿ, ಕುರ್ಚಿ ಮಾಡಿಸಿದಿರಿ, ಸ್ಟೂಲಿನ ಎತ್ತರ ನೋಡಿದಿರಿ. ಅದರ ಮುಂದೆ ನನಗೆ ಬಾಯಿ ಬರಲಿಲ್ಲ. ನಿಮ್ಮನ್ನು ಹೊರಗೆ ಹಾಕಿದ ಆದೇಶವೇ ನನ್ನನ್ನು ಉಳಿಸುತ್ತದೆ ಅಂತ ಯಾವ ಮುಖದಲ್ಲಿ ಖುಷಿಪಡಲಿ?

ಬೈದಾದರೂ ಬರೆಯಿರಿ. ಸುಮ್ಮನಿರಬೇಡಿ.

ನಿಮ್ಮವಳು


ಬೆಟ್ಟ
ಜೂನ್ 4

ಇವಳೇ,

ಹವಾಮಾನ ಆಮೇಲೆ.

ನಾನು ಬಂದಿದ್ದೆ. ನಿನಗೆ ಗೊತ್ತಿಲ್ಲ.

ಅರ್ಜಿ ಕೊಟ್ಟಾಯಿತು ಅನ್ನುವ ನಿನ್ನ ಕಾಗದ ಬಂದಾಗ ಕುಣಿಯಬೇಕಿತ್ತು, ಕುಣಿಯಲಿಲ್ಲ. ಇನ್ನು ಈ ವಿಷಯ ಎತ್ತಬೇಡಿ ಅನ್ನುವ ಸಾಲು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನೋಡದೆ ಏನನ್ನೂ ಬರೆಯಬಾರದು ಅಂತ ಒಂದು ದಿನ ರಜೆ ಹಾಕಿ ಬಸ್ ಹತ್ತಿದೆ. ಅಡುಗೆಮನೆಯ ಬಣ್ಣದ ಮಾದರಿ ಚೀಟಿ ಜೇಬಿನಲ್ಲಿತ್ತು. ಹಾಗೇ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಬಿಡೋಣ ಅಂತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ.

ಕ್ವಾರ್ಟರ್ಸಿಗೆ ಬೀಗ. ವಾರ್ಡಿಗೆ ಬಂದೆ. ಇಷ್ಟು ವರ್ಷದಲ್ಲಿ ನಿನ್ನ ವಾರ್ಡನ್ನು ನಾನು ನೋಡೇ ಇರಲಿಲ್ಲ, ಎಷ್ಟು ವಿಚಿತ್ರ. ವಾಚ್‌ಮನ್ ಗಂಡಸರು ಇಲ್ಲಿಂದ ಮುಂದೆ ಹೋಗಬಾರದು ಅಂತ ಕೆಂಪು ಗೆರೆ ತೋರಿಸಿದ. ಹೆಡ್ ಸಿಸ್ಟರ್ ಗಂಡ ಅಂತ ಹೇಳಬಹುದಿತ್ತು, ಹೇಳಲಿಲ್ಲ. ಅಪ್ಪಂದಿರು ಕಾಯುವ ಬೆಂಚಿನಲ್ಲಿ ಕೂತೆ. ಪಕ್ಕದವನು ಮೊಮ್ಮಗನೋ ಮೊಮ್ಮಗಳೋ ಅಂತ ಕೇಳಿದ. ಇನ್ನೂ ಗೊತ್ತಾಗಿಲ್ಲ ಅಂದೆ.

ಅಲ್ಲಿಂದ ನಿನ್ನ ಗಾಜಿನ ಬಾಗಿಲು ಕಾಣುತ್ತಿತ್ತು. ನೀನು ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದೆ. ನಾನು ಕೂತು ಕೂತು ಬೆನ್ನು ಹಿಡಿದುಕೊಂಡಿತು, ನೀನು ನಿಂತೇ ಇದ್ದೆ. ಯಾರೋ ಹುಡುಗಿ ಬಾಗಿಲು ತೆಗೆದು ಒಳಗೆ ಹೋದಳು. ಆ ಸಂದಿನಲ್ಲಿ ನಿನ್ನ ದನಿ ಕೇಳಿತು. ಪೆಟ್ಟಿಗೆಯೊಳಗೆ ಕೈ ಹಾಕಿ ಮಾತಾಡುತ್ತಿದ್ದೆ.

"ಏನ್ರೀ ಯಜಮಾನ್ರೇ, ಮತ್ತೆ ಉಸಿರಾಡೋದು ಮರೆತ್ರಾ? ನಾನು ಇಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ."

ಯಜಮಾನ್ರೇ ಅನ್ನುವ ಪದ ನನಗೊಬ್ಬನಿಗೇ ಅಂದುಕೊಂಡಿದ್ದೆ. ಆ ಅಂಗೈಯಗಲದವನಿಗೂ ನೀನು ಅದೇ ದನಿಯಲ್ಲಿ ಹೇಳಿದೆ. ಹೊಟ್ಟೆಕಿಚ್ಚಾಗಬೇಕಿತ್ತು, ಕಣ್ಣು ತುಂಬಿ ಬಂತು. ಎಲ್ಲೂ ಹೋಗಲ್ಲ ಅಂತ ಅವನಿಗೆ ಮಾತು ಕೊಟ್ಟವಳನ್ನು ನಾನು ನಿಂಬೆ ಗಿಡ ತೋರಿಸಿ ಕರೆದುಕೊಂಡು ಹೊರಟಿದ್ದೆನಲ್ಲ. ನೀನು ನನ್ನನ್ನು ನೋಡಿದರೆ ಆ ಕ್ಷಣವೇ ಮುಖ ಬದಲಾಯಿಸಿಕೊಂಡು ಹಳದಿ ಬಣ್ಣದ ಮಾತು ತೆಗೆಯುತ್ತೀಯ ಅಂತ ಗೊತ್ತಿತ್ತು. ಅದಕ್ಕೇ ಎದ್ದು ಬಂದುಬಿಟ್ಟೆ.

ಬಂದವನೇ ಗುಮಾಸ್ತನನ್ನು ಕೇಳಿದೆ. ಕೊಟ್ಟ ಆಯ್ಕೆ ವಾಪಸ್ ಬರುವುದಿಲ್ಲ ಅಂದ. ಆದರೂ ಸುಮ್ಮನಿರಲಾಗಲಿಲ್ಲ. ನಿಮ್ಮ ಸೂಪರಿಂಟೆಂಡೆಂಟರಿಗೆ ಒಂದು ಮನವಿ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ಪದೇಪದೇ ಹರಿದು ಬರೆದೆ, ಈ ಹತ್ತು ದಿನದ ಮೌನಕ್ಕೆ ಅದೂ ಒಂದು ಕಾರಣ. ನನ್ನ ಹೆಂಡತಿ ಆಯ್ಕೆಯ ಅರ್ಜಿಗೆ ಸಹಿ ಹಾಕಿದ್ದು ಸ್ವಂತ ಇಷ್ಟದಿಂದಲ್ಲ, ಗಂಡನಾದ ನನ್ನ ಒತ್ತಾಯದಿಂದ, ಆದ್ದರಿಂದ ಅದನ್ನು ರದ್ದು ಮಾಡಬೇಕು, ಬೇಕಾದರೆ ನನ್ನ ಮೇಲೆ ಕ್ರಮ ಕೈಗೊಳ್ಳಿ ಅಂತ ಬರೆದಿದ್ದೇನೆ. ನೀನೂ ಹೋಗಿ ಕೈ ಮುಗಿದು ಕೇಳು. ನಾಚಿಕೆ ಬೇಡ.

ಮನೆ ಬೇಡವೆಂದು ಒಡತಿಗೆ ಹೇಳಿ ಬಂದೆ. ಜಗಳವಾಯಿತೇ ಅಂತ ಕೇಳಿದರು. ಇಲ್ಲ, ಈಗ ತಾನೇ ಪರಿಚಯವಾಯಿತು ಅಂದೆ.

ಇವತ್ತು ಇಡೀ ದಿನ ಮಂಜು. ಏನೂ ಕಾಣುತ್ತಿಲ್ಲ.

ನಿನ್ನವನು


ಕ್ವಾರ್ಟರ್ಸ್
ಜೂನ್ 14

ನನ್ನ ಮಹಾ ಯಜಮಾನರಿಗೆ,

ಹೋದ ವಾರ ಸೂಪರಿಂಟೆಂಡೆಂಟರು ಕರೆಸಿದರು. ಮುಖ ಗಂಭೀರ. ಕೂತುಕೊಳ್ಳಿ ಸಿಸ್ಟರ್, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ, ಧೈರ್ಯವಾಗಿ ಹೇಳಿ ಅಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಆಗ ನಿಮ್ಮ ಮನವಿಯನ್ನು ಮುಂದಿಟ್ಟರು. ಗಂಡನಾದ ನನ್ನ ಒತ್ತಾಯದಿಂದ. ನಿಮ್ಮ ಆ ದುಂಡು ಅಕ್ಷರ. ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಅವರು ಕನ್ನಡಕ ತೆಗೆದು ಹೇಳಿದ್ದು ಕೇಳಿ: "ಅಲ್ಲ ಸಿಸ್ಟರ್, ನೀವು ಆಯ್ಕೇನೇ ಕೊಟ್ಟಿಲ್ಲ. ಇವರು ಯಾವುದನ್ನ ರದ್ದು ಮಾಡಿ ಅಂತಿದ್ದಾರೆ?"

ಹಂಡೆಯಲ್ಲಿ ಬೆಂದದ್ದನ್ನು ಅಂತ ಹೇಳಲಾಗುತ್ತದೆಯೇ? ಅಷ್ಟರಲ್ಲಿ ನನ್ನ ಕಾಗದ ನಿಮಗೆ ತಲುಪಿರಬೇಕು, ನಿಮ್ಮದು ನನಗೆ ಸಿಕ್ಕಿದ್ದು ಮರುದಿನ. ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ಈಗ ಆಸ್ಪತ್ರೆಗೆಲ್ಲ ವಿಷಯ ಗೊತ್ತು. ಹುಡುಗಿಯರು ನಿಮಗೆ ಒತ್ತಾಯದ ಗಂಡ ಅಂತ ಹೆಸರಿಟ್ಟಿದ್ದಾರೆ. ವಾಚ್‌ಮನ್ ಮಾತ್ರ ಪೇಚಾಡುತ್ತಿದ್ದಾನೆ, ಅವತ್ತು ಬೆಂಚಿನಲ್ಲಿ ಕೂತಿದ್ದ ಅಜ್ಜ ಅವರೇನಾ ಅಂತ.

ನೀವು ಬಂದು ಹೋದಿರಿ ಅಂತ ಓದಿದಾಗ ನನ್ನ ಜೀವ ಹೇಗಾಯಿತು ಅಂತ ಬರೆಯಲು ಬರುವುದಿಲ್ಲ. ಅಷ್ಟು ಹತ್ತಿರ ಕೂತಿದ್ದಿರಿ. ಇಸ್ತ್ರಿ ಅಂಗಿ ಹಾಕಿಕೊಂಡು. ನಾನು ತಿರುಗಿ ಸಹ ನೋಡಲಿಲ್ಲ. ಇನ್ನು ಮೇಲೆ ಹಾಗೆ ಬಂದು ಹೋಗುವುದು ನಡೆಯುವುದಿಲ್ಲ. ಬಂದರೆ ಇರಬೇಕು.

ಅದನ್ನೇ ಕೇಳುತ್ತಿದ್ದೇನೆ. ಮನೆ ಬಿಟ್ಟಿದ್ದೀರಿ, ಎಲ್ಲಿಗೆ ಹೋಗುತ್ತೀರಿ ಅಂತ ಬರೆದಿಲ್ಲ. ಅದೊಂದನ್ನು ಖಾಲಿ ಬಿಟ್ಟಿದ್ದೀರಿ. ಇಲ್ಲಿಗೆ ಬನ್ನಿ. ಇಷ್ಟು ವರ್ಷ ಈ ಮಾತು ಇಬ್ಬರಿಗೂ ಹೊಳೆಯಲಿಲ್ಲ ನೋಡಿ, ನೌಕರಿ ಇಬ್ಬರದೂ ಒಟ್ಟಿಗೆ ಮುಗಿಯಬೇಕು ಅಂತಲೇ ಕೂತಿದ್ದೆವು. ಕ್ವಾರ್ಟರ್ಸು ಚಿಕ್ಕದು, ನಿಮಗೆ ಗೊತ್ತು. ಕಿಟಕಿ ಒಂದೇ, ನೀವು ಒಂದೇ ತೆಗೆಯುತ್ತೇನೆ ಅಂದಿರಲ್ಲ, ಸರಿಹೋಯಿತು. ಅದರ ಎದುರಿಗೆ ಲಾಂಡ್ರಿಯ ಗೋಡೆ. ಆಕಾಶ ಒಂದು ಚೂರು ಕಾಣುತ್ತದೆ. ಅಷ್ಟೂ ದಿಕ್ಕು ಕಾಣುವ ಕಡೆ ಬದುಕಿದವರಿಗೆ ಅದು ಸಾಲದು ಅಂತ ನನಗೆ ಗೊತ್ತು. ಅದಕ್ಕೇ ಕೇಳಲು ಹೆದರಿಕೆ.

ಕ್ವಾರ್ಟರ್ಸಿನ ಕಾಗದದಲ್ಲಿ ಅವಲಂಬಿತರು ಅನ್ನುವ ಕಡೆ ನಿಮ್ಮ ಹೆಸರು ತುಂಬಬೇಕಂತೆ. ಪಿಂಚಣಿದಾರರು, ನನ್ನ ಅವಲಂಬಿತರು. ತುಂಬಲೇ?

ನಿಮ್ಮವಳು


ಬೆಟ್ಟ
ಜೂನ್ 30

ನನ್ನ ಹೆಡ್ ಸಿಸ್ಟರಿಗೆ,

ಬೆಳಗ್ಗೆ ನೈಋತ್ಯದ ಗಾಳಿ, ಒಳ್ಳೆಯ ಮಳೆ. ಇದು ನಾನು ಅಳೆದ ಕೊನೆಯ ಮಳೆ. ಸಂಜೆ ಚಾರ್ಜು ಒಪ್ಪಿಸಿದೆ. ಕೊನೆಯ ಸಲ ಥರ್ಮಾಮೀಟರ್ ಪೆಟ್ಟಿಗೆಯ ಬಾಗಿಲು ಹಾಕಿದೆ. ಅಳು ಬಂತು, ಮಳೆಯಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ನಿನಗೆ ಹೇಳಿದ್ದೇನೆ, ಸಾಕು.

ಗುಮಾಸ್ತ ಪಿಂಚಣಿಯ ಕಾಗದ ಕೊಟ್ಟು, ಇನ್ನು ವರ್ಷಕ್ಕೊಂದು ಸಲ ಬದುಕಿದ್ದೇನೆ ಅಂತ ಬರೆದುಕೊಡಬೇಕು ಸಾರ್ ಅಂದ. ಜೊತೆಯ ಫೋಟೋ ಬಾಕಿ ಅಂತ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದಾನೆ. ಕುರ್ಚಿ ಎರಡನ್ನೂ ಅವನಿಗೇ ಕೊಟ್ಟೆ. ಸ್ಟೂಲು ಮಾತ್ರ ತರುತ್ತಿದ್ದೇನೆ.

ಅವಲಂಬಿತರು ಅಂತ ತುಂಬು. ನಿಜವೇ ತಾನೆ.

ನಾಳೆ ಮಧ್ಯಾಹ್ನದ ಬಸ್ಸು. ಈ ಕಾಗದಕ್ಕಿಂತ ಮೊದಲು ನಾನೇ ತಲುಪುತ್ತೇನೆ, ಅದಕ್ಕೇ ಗುಮಾಸ್ತನಿಂದ ವಾರ್ಡಿಗೆ ಫೋನು ಮಾಡಿಸಿದ್ದೇನೆ.

ನಿನ್ನವನು


ಕ್ವಾರ್ಟರ್ಸ್, ಮೇಜಿನ ಮೇಲೆ
ಜುಲೈ 1

ಯಜಮಾನರಿಗೆ,

ಹೆಡ್‌ಮಾಸ್ಟರು ಕೊಟ್ಟ ಹುಟ್ಟುಹಬ್ಬದ ಶುಭಾಶಯಗಳು.

ನೀವು ಬರುವ ಹೊತ್ತಿಗೆ ನಾನು ಡ್ಯೂಟಿಯಲ್ಲಿರುತ್ತೇನೆ. ಅಂಚೆಚೀಟಿ ಇಲ್ಲದೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ. ಸ್ಟವ್ ಸ್ವಲ್ಪ ಮೊಂಡು, ಎರಡು ಸಲ ತಿರುಗಿಸಬೇಕು. ದಿಂಬಿನ ಹೊದಿಕೆ ಒಗೆದು ಹಾಕಿದ್ದೇನೆ, ಇನ್ನು ಹಾಗೇ ಇಟ್ಟುಕೊಳ್ಳುವ ಅಗತ್ಯವಿಲ್ಲ. ಉಸಿರು ಮರೆಯುತ್ತಿದ್ದ ನಿಮ್ಮ ಹೆಸರಿನವನು ಇವತ್ತು ತಾಯಿಯ ಮಡಿಲಲ್ಲಿ ಮನೆಗೆ ಹೋಗುತ್ತಾನೆ. ಪೆಟ್ಟಿಗೆ ಖಾಲಿಯಾಗುವುದಿಲ್ಲ, ಬೆಳಗ್ಗೆ ಇನ್ನೊಬ್ಬಳು ಬಂದಿದ್ದಾಳೆ.

ಮೇಜಿನ ಮೇಲಿರುವ ಬೀಗದ ಕೈ ತಾರಸಿಯದು. ವಾಚ್‌ಮನ್ ಪ್ರಾಯಶ್ಚಿತ್ತ ಅಂತ ತಾನೇ ತಂದುಕೊಟ್ಟ. ಮೇಲೆ ನೀರಿನ ಟ್ಯಾಂಕು ಬಿಟ್ಟರೆ ಬೇರೇನೂ ಇಲ್ಲ, ಆಕಾಶ ಪೂರ್ತಿ ಕಾಣುತ್ತದೆ. ನಾನೇ ಹತ್ತಿ ನೋಡಿ ಬಂದೆ. ನೋಡದೆ ಬರೆದದ್ದಲ್ಲ.

ಸಂಜೆ ಸ್ಟುಡಿಯೋಗೆ ಹೋಗಬೇಕು. ಆ ಇಸ್ತ್ರಿ ಅಂಗಿ ಹಾಕಿಕೊಂಡಿರಿ.

ಕೊನೆಗೆ ಒಂದು. ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಇದನ್ನು ಸರ್ಕಾರದ ಆದೇಶ ಅಂತ ತಿಳಿದು ಕೆಳಗಿನ ಜಾಗದಲ್ಲಿ ಬರೆದುಕೊಡಿ. ಈ ಚಿಕ್ಕ ಮನೆಯಲ್ಲಿ, ಡ್ಯೂಟಿ ಡ್ಯೂಟಿ ಅಂತ ಓಡುವ ಹೆಂಡತಿಯ ಜೊತೆ, ರಜೆಯ ದಿನ ಮಾತ್ರವಲ್ಲದೆ ಎಲ್ಲ ದಿನವೂ ಇರಲು ನಿಮಗೆ ಒಪ್ಪಿಗೆ ಇದೆಯೇ? ಬರೆಯದಿದ್ದರೆ ಒಪ್ಪಿಗೆ ಇದೆ ಎಂದು ಭಾವಿಸಲಾಗುವುದು. ಒಮ್ಮೆ ಕೊಟ್ಟ ಆಯ್ಕೆಯನ್ನು ಬದಲಾಯಿಸುವಂತಿಲ್ಲ.

ನಿಮ್ಮವಳು


ಅದೇ ಮೇಜಿನ ಮೇಲೆ
ಜುಲೈ 1, ಸಂಜೆ

ಹ್ಞೂ.